ಗಾಳಿಗೆ ಎದುರಾಗಿ ತಿರುಗಲು ಕಲಿತ ಆಷಾಢ

ಆ ರೆಕ್ಕೆ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ನಾನು ಅದನ್ನು ಯಾವುದೋ ಡೇರೆಯ ತುಂಡು ಅಂದುಕೊಂಡೆ. ಲಷ್ಕರ್ ಮೊಹಲ್ಲಾದ ಒಂದು ಗಲ್ಲಿಯಲ್ಲಿ ನನ್ನದು ಹೊಲಿಗೆ ಅಂಗಡಿ. ರವಿಕೆ, ಲಂಗ ಹೊಲಿಯುವವಳಲ್ಲ ನಾನು. ಶಾಮಿಯಾನ, ಕಾರಿನ ಹೊದಿಕೆ, ಅಂಗಡಿ ಮುಂದಿನ ಬಿಸಿಲುಮರೆ, ಮುರಿದ ಛತ್ರಿ, ಆಟೋ ಸೀಟು, ಇಂಥ ದಪ್ಪ ಬಟ್ಟೆಯ ಕೆಲಸ. ಅಪ್ಪನಿಂದ ಕಲಿತದ್ದು. ಮನೆ ಅಶೋಕಪುರಂನಲ್ಲಿ. ಗಂಡ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್.

ಮೇ ಕೊನೆಯ ವಾರದ ಒಂದು ಮಧ್ಯಾಹ್ನ ಗೋಕುಲಂನಲ್ಲಿ ಬಾಡಿಗೆಗಿದ್ದ ವಿದೇಶಿ ಹೆಂಗಸೊಬ್ಬರು ಬೆನ್ನ ಮೇಲೆ ದೊಡ್ಡ ಚೀಲ ಹೊತ್ತುಕೊಂಡು ಅಂಗಡಿಗೆ ಬಂದರು. ಅರವತ್ತರ ಹತ್ತಿರದ ವಯಸ್ಸು, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು. ಯೋಗ ಕಲಿಯಲು ಪ್ರತಿವರ್ಷ ಬಂದು ನಾಲ್ಕೈದು ತಿಂಗಳು ಇದ್ದು ಹೋಗುವವರು. ಕನ್ನಡ ಬರುತ್ತಿತ್ತು. ಮೈಸೂರಿನಲ್ಲಿ ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸಬೇಕು ಎಂದು ಯಾರೋ ಅವರಿಗೆ ಹೇಳಿಕೊಟ್ಟಿದ್ದರಂತೆ. ಅದು ಮನುಷ್ಯರಿಗೆ ಮಾತ್ರ ಎಂದು ಹೇಳಿರಲಿಲ್ಲವೋ ಏನೋ, ಅವರು ಚೀಲ ಬಿಚ್ಚಿ ನನ್ನ ಮೇಜಿನ ಮೇಲೆ ಹರಡಿ, “ಇವರು ಹರಿದುಹೋಗಿದ್ದಾರೆ” ಅಂದರು.

ಹರಡಿದಾಗ ಗೊತ್ತಾಯಿತು, ಅದು ಬಾವಲಿಯ ರೆಕ್ಕೆಯ ಆಕಾರದಲ್ಲಿದೆ ಎಂದು. ಮುಂಭಾಗದ ಅಂಚಿಗೆ ಉದ್ದಕ್ಕೂ ಗಾಳಿ ತುಂಬುವ ಕೊಳವೆ, ನಡುವೆ ಬೆನ್ನೆಲುಬಿನ ಹಾಗೆ ಇನ್ನೊಂದು ಕೊಳವೆ, ಅದಕ್ಕೆ ಕೈಹಿಡಿಗಳು. ಉಳಿದದ್ದೆಲ್ಲ ತೆಳುವಾದ, ಗರಿಗರಿ ಬಟ್ಟೆ. ಕೈಯಲ್ಲಿ ಹಿಡಿದರೆ ಗಾಳಿ ಎಳೆಯುತ್ತದೆ, ಕಾಲಡಿಗೆ ನಾಲ್ಕು ಚಕ್ರದ ಹಲಗೆ ಇರುತ್ತದೆ, ಅದರ ಮೇಲೆ ನಿಂತು ಓಡುವುದು ಎಂದು ಅವರು ವಿವರಿಸಿದರು. ಅವರ ಊರಿನಲ್ಲಿ ಸಮುದ್ರದ ನೀರಿನ ಮೇಲೂ ಇದನ್ನೇ ಆಡುತ್ತಾರಂತೆ. ರಿಂಗ್ ರೋಡ್ ಆಚೆ ಮನೆಗಳೇಳದ ಒಂದು ಬಡಾವಣೆ ಸಿಕ್ಕಿದೆ, ಮುಂಗಾರಿನ ಗಾಳಿ ಶುರುವಾಗಿದೆ, ಅಲ್ಲಿಗೆ ಹೋಗುತ್ತಿದ್ದೇನೆ ಅಂದರು. ಎಲ್ಲಿ ಹರಿಯಿತು ಎಂದು ಕೇಳಿದ್ದಕ್ಕೆ, “ಟ್ಯಾಕ್ ಮಾಡುವಾಗ” ಅಂದರು. ನಮ್ಮ ಗಲ್ಲಿಯಲ್ಲಿ ಟಾಕಾ ಎಂದರೆ ಹೊಲಿಗೆ. ಯಾರೋ ಅರ್ಧಂಬರ್ಧ ಹೊಲಿದು ಕೆಡಿಸಿದ್ದಾರೆ ಎಂದುಕೊಂಡು, ಹೊಲಿದವರ ಮೇಲೆ ನಾನು ಒಳಗೇ ಸಿಟ್ಟಾದೆ.

ತೇಪೆ ಹಾಕಿ ಕೊಟ್ಟೆ. ಹತ್ತು ದಿನದಲ್ಲಿ ಮತ್ತೆ ಬಂದರು, ಅದೇ ಜಾಗದಲ್ಲಿ ಹರಿದಿತ್ತು. ಇನ್ನೂ ಗಟ್ಟಿ ದಾರದಲ್ಲಿ, ಎರಡು ಸಾಲು ಹಾಕಿ ಕೊಟ್ಟೆ. ಮತ್ತೆ ಬಂತು. ನನ್ನ ಕೈಯಿಂದ ಹೋದ ಕೆಲಸ ಎರಡು ಸಲ ವಾಪಸು ಬಂದದ್ದು ಅದೇ ಮೊದಲು. ಅವರು ಬೇಸರ ತೋರಿಸಲಿಲ್ಲ, ನನಗೇ ಕಸಿವಿಸಿ. ಯಾವ ಕಡೆಯಿಂದ ಎಳೆತ ಬೀಳುತ್ತದೆ ಎಂದು ಕಾಣದೆ ಹೊಲಿದರೆ ಪ್ರಯೋಜನವಿಲ್ಲ ಅಂದೆ. ಹಾಗಾದರೆ ಬಂದು ನೋಡಿ ಅಂದರು.

ನಾನು ಹೋಗುತ್ತೇನೆಂದು ನನಗೇ ನಂಬಿಕೆ ಇರಲಿಲ್ಲ. ಮೊದಲಿನಿಂದಲೂ ನಾನು ಹೆದರುವ ಸ್ವಭಾವದವಳು. ಗ್ಯಾಸ್ ಆರಿಸಿದ್ದೇನೆಯೇ ಎಂದು ಬಸ್ ಸ್ಟಾಪಿನಿಂದ ಮನೆಗೆ ವಾಪಸು ಹೋಗಿ ನೋಡಿದವಳು. ಎರಡು ವರ್ಷದ ಕೆಳಗೆ ಅಂಗಡಿಯಲ್ಲಿ ಮೇಲಿನ ಹಲಗೆಯಿಂದ ಬಟ್ಟೆಯ ಸುರುಳಿ ತೆಗೆಯಲು ಸ್ಟೂಲು ಹತ್ತಿ ಬಿದ್ದು ಎಡ ಮಣಿಕಟ್ಟು ಮುರಿದಿತ್ತು. ಆರು ವಾರ ಮೆಷಿನ್ ಮುಟ್ಟಲಿಲ್ಲ. ಕಟ್ಟು ಬಿಚ್ಚಿದ ಮೇಲೆ ಕೈ ಸರಿಯಾಯಿತು. ಬೀಳುವ ಹೆದರಿಕೆ ಮಾತ್ರ ಉಳಿಯಿತು. ಒದ್ದೆ ನೆಲ ಕಂಡರೆ ಗೋಡೆ ಹಿಡಿದು ನಡೆಯುತ್ತಿದ್ದೆ. ಸ್ಟೂಲು ಹತ್ತುವುದನ್ನು ಬಿಟ್ಟೇಬಿಟ್ಟಿದ್ದೆ. ಸುರುಳಿಗಳೆಲ್ಲ ನೆಲದ ಮೇಲೆ ಬಂದು ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಆದರೂ ಹೋದೆ. ಹೊಲಿಗೆಯ ಮಾನಕ್ಕಾಗಿ ಹೋದೆ.

ಆ ಬಡಾವಣೆಯಲ್ಲಿ ರಸ್ತೆಗಳು ಮಾತ್ರ ಆಗಿದ್ದವು. ಅಗಲವಾದ ಡಾಂಬರು ರಸ್ತೆ, ಅದರ ಪಕ್ಕಕ್ಕೆ ಮಟ್ಟಸ ಮಾಡಿದ ಗಟ್ಟಿ ಮಣ್ಣಿನ ದೊಡ್ಡ ಬಯಲು, ಪಾರ್ಕಿಗೆಂದು ಬಿಟ್ಟದ್ದು. ಗಾಳಿ ಪಶ್ಚಿಮದಿಂದ, ಬೇಲಿಗಳನ್ನೂ ಒಣಹುಲ್ಲನ್ನೂ ಒಂದೇ ಸಮನೆ ಬಾಗಿಸಿಕೊಂಡು ಬರುತ್ತಿತ್ತು. ಪೂರ್ವದ ಅಂಚಿನಲ್ಲಿ, ಅಂದರೆ ಗಾಳಿ ತಳ್ಳಿಕೊಂಡು ಹೋಗುವ ದಿಕ್ಕಿನಲ್ಲಿ, ಒಂದು ಚರಂಡಿ ಅರ್ಧ ಕಟ್ಟಿ ಬಿಟ್ಟಿದ್ದರು. ಅದರಿಂದ ಕಬ್ಬಿಣದ ಸರಳುಗಳು ಮೇಲಕ್ಕೆ ಚಾಚಿದ್ದವು. ನಾನು ಮೊದಲು ನೋಡಿದ್ದೇ ಆ ಸರಳುಗಳನ್ನು.

ಅಲ್ಲೊಬ್ಬ ಕಾವಲುಗಾರ. ಎಪ್ಪತ್ತು ದಾಟಿದವರು. ಆ ಬಯಲಿನಲ್ಲಿ ಹಿಂದೆ ಅವರದೇ ಮನೆತನದ ಹೊಲವಿತ್ತು, ಈಗ ಅವರು ಅದಕ್ಕೆ ಕಾವಲು. ನನ್ನನ್ನು ಕಂಡು, “ನೀವೂ ಗಾಳೀಲಿ ಆರಕ್ಕೆ ಬಂದ್ರಾ?” ಎಂದು ಕೇಳಿದರು. ಇಲ್ಲ, ಹೊಲಿಗೆ ನೋಡಲು ಬಂದೆ ಅಂದೆ.

ಆ ವಿದೇಶಿ ಹೆಂಗಸು, ಇನ್ನು ಮುಂದೆ ಅವರನ್ನು ಯೋಗದಮ್ಮ ಅನ್ನುತ್ತೇನೆ, ಕಾವಲುಗಾರ ಹಾಗೇ ಕರೆಯುತ್ತಿದ್ದರು, ಹೆಲ್ಮೆಟ್ಟು, ಮೊಣಕಾಲಿನ ಪಟ್ಟಿ ಕಟ್ಟಿಕೊಂಡು ಹಲಗೆಯ ಮೇಲೆ ನಿಂತರು. ರೆಕ್ಕೆಯನ್ನು ತಲೆಯ ಮೇಲಿಂದ ಎದೆಯ ಮಟ್ಟಕ್ಕೆ ಇಳಿಸಿ ಹಿಂದಿನ ಕೈಯನ್ನು ಸ್ವಲ್ಪ ಎಳೆದುಕೊಂಡರು, ಅಷ್ಟೆ. ಚಕ್ರಗಳು ಸರ್ರೆಂದು ಹೊರಟವು. ಬೆನ್ನಿಗೆ ಗಾಳಿ, ಎದುರಿಗೆ ರೆಕ್ಕೆ, ಹಲಗೆ ಗಾಳಿಗೆ ಅಡ್ಡಲಾಗಿ ಬಯಲಿನ ಉತ್ತರದ ತುದಿಗೆ ಓಡುತ್ತಿತ್ತು. ಅಲ್ಲಿ ತಿರುಗಬೇಕು. ತಿರುಗಲು ಎರಡು ದಾರಿ. ಗಾಳಿ ಹೋಗುವ ದಿಕ್ಕಿಗೆ ಹೊರಳಿ ತಿರುಗುವುದು ಸುಲಭ, ಆದರೆ ಹಾಗೆ ತಿರುಗಿದಾಗಲೆಲ್ಲ ಹತ್ತಿಪ್ಪತ್ತು ಅಡಿ ಕೆಳಕ್ಕೆ, ಚರಂಡಿಯ ಕಡೆಗೆ, ಜಾರಿರುತ್ತೀರಿ. ನಾಲ್ಕು ಸಲ ತಿರುಗುವಷ್ಟರಲ್ಲಿ ಸರಳುಗಳ ಪಕ್ಕದಲ್ಲಿರುತ್ತೀರಿ. ಇನ್ನೊಂದು ದಾರಿ ಗಾಳಿಗೆ ಮುಖ ಕೊಟ್ಟು, ಅದನ್ನು ಸೀಳಿಕೊಂಡು ತಿರುಗುವುದು. ಅದೇ ಟ್ಯಾಕ್. ಆಗ ಇದ್ದ ಜಾಗ ಬಿಟ್ಟುಕೊಡದೆ ಇನ್ನೂ ಮೇಲಕ್ಕೇ, ಗಾಳಿ ಬರುವ ಕಡೆಗೇ, ಹೋಗುತ್ತೀರಿ.

ಯೋಗದಮ್ಮನಿಗೆ ಅದು ನೀರಿನ ಮೇಲೆ ಬರುತ್ತಿತ್ತು, ಚಕ್ರದ ಮೇಲೆ ಬರುತ್ತಿರಲಿಲ್ಲ. ನನ್ನ ಕಣ್ಣೆದುರಿಗೇ ಗಾಳಿಯ ಮುಖಕ್ಕೆ ತಿರುಗಿ, ಅರ್ಧಕ್ಕೆ ನಿಂತರು, ರೆಕ್ಕೆಯ ಒಂದು ತುದಿ ನೆಲಕ್ಕೆ ಬಡಿದು ಚಕ್ರದಡಿ ಸಿಕ್ಕಿಕೊಂಡಿತು. ನನಗೆ ಬೇಕಾದದ್ದು ಕಂಡಿತು. ಬಟ್ಟೆ ಗಾಳಿಯ ಎಳೆತಕ್ಕೆ ಹರಿಯುತ್ತಿರಲಿಲ್ಲ, ತುದಿಯಲ್ಲಿ ಚಕ್ರ ತುಳಿದು ಹರಿಯುತ್ತಿತ್ತು. ತುದಿಗೆ ರೆಕ್ಸಿನ್ ಅಂಚು ಕೊಟ್ಟು, ಹೊಲಿಗೆಯನ್ನು ಒಳಕ್ಕೆ ಸರಿಸಬೇಕು.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಹೊರಡುವ ಮುಂಚೆ ಯೋಗದಮ್ಮ ಒಮ್ಮೆ ಹಿಡಿದು ನೋಡಿ ಎಂದು ರೆಕ್ಕೆಯನ್ನು ನನ್ನ ಕೈಗೆ ಕೊಟ್ಟರು. ನೆಲದ ಮೇಲೆ ನಿಂತೇ ಹಿಡಿದೆ. ಮೂವತ್ತು ವರ್ಷ ಬಟ್ಟೆಯನ್ನು ಮೆಷಿನ್ನಿನಡಿ ತಳ್ಳಿದವಳು, ಬಟ್ಟೆ ನನ್ನನ್ನು ಎಳೆದದ್ದು ಅದೇ ಮೊದಲು. ಎರಡು ಹೆಜ್ಜೆ ಎಳೆದುಕೊಂಡು ಹೋಯಿತು. ಹೆದರಿ ಬಿಟ್ಟುಬಿಟ್ಟೆ. ಆದರೆ ಬಸ್ಸಿನಲ್ಲಿ ಕೂತಾಗ ಅಂಗೈಯಲ್ಲಿ ಆ ಎಳೆತ ಇನ್ನೂ ಇತ್ತು.

ಮುಂದಿನ ವಾರ ಹೊಸ ಅಂಚು ಹಾಕಿದ ರೆಕ್ಕೆಯನ್ನು ನಾನೇ ತಲುಪಿಸುತ್ತೇನೆ ಎಂದು ಹೇಳಿ ಬಯಲಿಗೆ ಹೋದೆ. ಹೋಗುವ ಮುಂಚೆ ಅಂಗಡಿಯಲ್ಲಿ ಹಳೆಯ ಛತ್ರಿಯ ಕಡ್ಡಿಗಳನ್ನು ಕತ್ತರಿಸಿ, ರೆಕ್ಸಿನ್ ನಡುವೆ ಸೇರಿಸಿ, ಎರಡು ಮಣಿಕಟ್ಟಿನ ಪಟ್ಟಿ ಹೊಲಿದುಕೊಂಡಿದ್ದೆ. 

ಹಲಗೆಯ ಮೇಲೆ ಮೊದಲ ದಿನ ಬರೀ ನಿಂತೆ. ಎರಡನೆಯ ದಿನ ಯೋಗದಮ್ಮ ನನ್ನ ಸೊಂಟ ಹಿಡಿದು ಹತ್ತು ಅಡಿ ತಳ್ಳಿದರು. ರೆಕ್ಕೆ ಇಲ್ಲದೆ.  ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಎರಡು ಗಂಟೆ ಹೋಗಿಬರುತ್ತಿದ್ದೆ. ಮನೆಯಲ್ಲಿ ಹೇಳಲಿಲ್ಲ. ಹೊರಡುವ ದಿನ ಬೆಳಗಿನ ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಡುತ್ತಿದ್ದೆ. ಗಾಳಿ ಇರದಿರಲಿ ಎಂದು ಬಯಸುತ್ತಿದ್ದೆ. ಅಂಗಡಿ ಮುಂದಿನ ಮೊಬೈಲ್ ಅಂಗಡಿಯ ಬ್ಯಾನರ್ ಪಟಪಟ ಬಡಿದುಕೊಂಡರೆ, ಗಾಳಿ ಇದೆ ಎಂದು ಆ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ. ಬ್ಯಾನರ್ ಸುಮ್ಮನೆ ನೇತಾಡಿಕೊಂಡಿದ್ದ ದಿನ ನಿರಾಳವಾಗಬೇಕಿತ್ತಲ್ಲ, ಹಾಗೂ ಆಗುತ್ತಿರಲಿಲ್ಲ.

ಮೂರು ವಾರದಲ್ಲಿ ಬಯಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ಹೋಗಲು ಕಲಿತೆ. ಹೋಗಿ, ನಿಲ್ಲಿಸಿ, ಇಳಿದು, ಹಲಗೆಯನ್ನು ಕೈಯಲ್ಲಿ ತಿರುಗಿಸಿಟ್ಟು, ಮತ್ತೆ ಹತ್ತಿ ಬರುವುದು. ಜೀವನವಿಡೀ ಹಾಗೇ ಮಾಡಿಕೊಂಡಿರಲು ನಾನು ತಯಾರಿದ್ದೆ. ಆದರೆ ಇಳಿದು ಹತ್ತುವ ಆ ಹೊತ್ತಿನಲ್ಲೇ ಗಾಳಿ ರೆಕ್ಕೆಯನ್ನು ಹಿಡಿದು ನನ್ನನ್ನು ಚರಂಡಿಯ ಕಡೆಗೆ ಒಂದಿಷ್ಟು ಎಳೆದಿರುತ್ತಿತ್ತು. ಒಂದು ದಿನ ಸರಳುಗಳಿಂದ ಐದಾರು ಮಾರು ದೂರದಲ್ಲಿ ರೆಕ್ಕೆಯನ್ನು ನೆಲಕ್ಕೆ ಒತ್ತಿ ಅದರ ಮೇಲೆ ಮಲಗಿಕೊಂಡೆ. ಕಾವಲುಗಾರ ಓಡಿ ಬಂದರು. ರೆಕ್ಕೆಯ ಒಂದು ತುದಿಯನ್ನು ಕಾಲಲ್ಲಿ ಒತ್ತಿ ಹಿಡಿದು ಹೇಳಿದರು: “ಗಾಳಿ ತಳ್ಳಿದ್ ಕಡೀಕೇ ಓಗ್ತಾ ಇದ್ರೆ ಇಲ್ಲಿಗೇ ಬರೋದು ಕಣಮ್ಮ. ಆಯಮ್ಮ ಮಾಡ್ತಾರಲ್ಲ, ಅಂಗೆ ಎದುರ್ಗೇ ತಿರುಗ್ಬೇಕು.”

ಹಾಗೆ ಟ್ಯಾಕ್ ಕಲಿಯುವುದು ಶುರುವಾಯಿತು. ಶೋಕಿಗಲ್ಲ, ಆ ಸರಳುಗಳಿಂದ ದೂರ ಇರಲು.

ಯೋಗದಮ್ಮ ಹೇಳಿಕೊಟ್ಟದ್ದು ಹೀಗೆ. ವೇಗ ಇರುವಾಗಲೇ ಶುರುಮಾಡಬೇಕು. ಹಿಮ್ಮಡಿಯ ಮೇಲೆ ಭಾರ ಬಿಟ್ಟರೆ ಹಲಗೆ ಗಾಳಿಯ ಕಡೆಗೆ ಬಾಗಿಕೊಂಡು ಹೋಗುತ್ತದೆ. ಆಗ ರೆಕ್ಕೆಯನ್ನು ತಲೆಯ ಮೇಲೆ ಎತ್ತಿ, ಛತ್ರಿಯ ಹಾಗೆ ಮಟ್ಟಸ ಹಿಡಿಯಬೇಕು. ಗಾಳಿ ಮುಖಕ್ಕೆ ಹೊಡೆಯುವ ಗಳಿಗೆಯಲ್ಲಿ ರೆಕ್ಕೆಯಲ್ಲಿ ಎಳೆತವೇ ಇರುವುದಿಲ್ಲ. ಅದೇ ಗಳಿಗೆಯಲ್ಲಿ ಕೈ ಬದಲಿಸಬೇಕು. ಹಲಗೆ ತನ್ನ ವೇಗದಲ್ಲೇ ಆ ಕಡೆಗೆ ದಾಟುತ್ತದೆ. ಪಾದ ಇದ್ದಲ್ಲೇ ಇರುತ್ತದೆ, ಸೊಂಟ ತಿರುಚಿ ರೆಕ್ಕೆಯನ್ನು ಇನ್ನೊಂದು ಪಕ್ಕಕ್ಕೆ ಇಳಿಸಿದರೆ ಮತ್ತೆ ಎಳೆತ ಸಿಗುತ್ತದೆ.

ಹೇಳಲು ಇಷ್ಟೇ. ನನಗೆ ತಡೆಯಲಾಗದೆ ಇದ್ದದ್ದು ನಡುವಿನ ಆ ಗಳಿಗೆ. ಅಲ್ಲಿಯವರೆಗೂ ಕೈಯನ್ನು ಎಳೆದು ಹಿಡಿದಿದ್ದ ಎಳೆತ ಇದ್ದಕ್ಕಿದ್ದಂತೆ ಇಲ್ಲವಾಗುತ್ತಿತ್ತು. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟಾಗ ಆಗುತ್ತದಲ್ಲ, ಹಾಗೆ. ಸ್ಟೂಲು ವಾಲಿದಾಗಲೂ ಹಾಗೇ ಆಗಿತ್ತು. ಕೈ ತಾನಾಗಿಯೇ ರೆಕ್ಕೆಯನ್ನು ಎದೆಗೆ ಸೆಳೆದುಕೊಳ್ಳುತ್ತಿತ್ತು. ಸೆಳೆದುಕೊಂಡ ಕೂಡಲೇ ಗಾಳಿ ಅದರ ಮುಂಭಾಗಕ್ಕೆ ಬಡಿದು, ಬಾಗಿಲು ಮುಖಕ್ಕೆ ಹಾಕಿದ ಹಾಗೆ ನನ್ನನ್ನು ಹಿಂದಕ್ಕೆ ಕೆಡವುತ್ತಿತ್ತು. ದಿನಕ್ಕೆ ಹತ್ತು ಸಲ ಪ್ರಯತ್ನ, ಹತ್ತು ಸಲವೂ ಅದೇ. ಛತ್ರಿಕಡ್ಡಿಯ ಪಟ್ಟಿಗಳು ಮಣಿಕಟ್ಟನ್ನು ಕಾಪಾಡಿದವು, ಸೊಂಟ ಮತ್ತು ಮೊಣಕೈ ನೀಲಿಗಟ್ಟಿದವು.

“ಗಟ್ಟಿ ಹಿಡಿಯಬೇಡಿ” ಅನ್ನುತ್ತಿದ್ದರು ಯೋಗದಮ್ಮ. “ಗಾಳಿಯವರು ಎದುರಿಗೆ ಬಂದಾಗ ರೆಕ್ಕೆಯವರನ್ನು ಮೇಲೆ ಬಿಡಿ. ನೀವು ಆಚೆಗೆ ನೋಡಿ.” ನಾನು ನೋಡುತ್ತಿದ್ದದ್ದು ನೆಲವನ್ನು. ಎಲ್ಲಿ ಬೀಳುತ್ತೇನೆ ಎಂದು ಮೊದಲೇ ನೋಡಿಕೊಂಡು ಅಲ್ಲೇ ಬೀಳುತ್ತಿದ್ದೆ.

ಗಂಡನಿಗೆ ಗೊತ್ತಾದದ್ದು ಮೊಣಕೈಯಿಂದ. ಒಂದು ಬೆಳಗ್ಗೆ ಚಟ್ನಿ ರುಬ್ಬುವಾಗ ತೋಳು ಸರಿದು ಕಾಣಿಸಿತು. ಅವರು ಲೋಟ ಕೆಳಗಿಟ್ಟು, ಎಲ್ಲಿ ಬಿದ್ದೆ ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಎಲ್ಲವನ್ನೂ ಹೇಳಿದೆ. ಅವರು ಬೈಯುವವರಲ್ಲ. “ಬೀದೀಲಿ ನೀರು ಚೆಲ್ಲಿದ್ರೆ ದಾಟಕ್ಕೆ ನನ್ ಕೈ ಇಡ್ಕೊಳ್ಳೋಳು ಕಣೆ ನೀನು” ಅಂದರು. ಹೌದು ಅಂದೆ. ಮತ್ತೆ ಕೈ ಮುರಿದರೆ ಏನು ಮಾಡುತ್ತೀಯ ಎಂದರು. ಅದನ್ನೇ ನಾನು ದಿನಾ ಯೋಚಿಸುತ್ತಿದ್ದೇನೆ ಎಂದೆ.  ಅವರು ಟಿಫನ್ ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೋದರು.

ಎರಡು ದಿನ ಬಿಟ್ಟು ಶನಿವಾರ ಅದು ನಡೆಯಿತು. ಗಾಳಿ ಮಾಮೂಲಿಗಿಂತ ಜೋರಿತ್ತು, ಪಶ್ಚಿಮದಲ್ಲಿ ಮೋಡ ಕಪ್ಪಾಗಿತ್ತು. ನಾನು ಇವತ್ತು ಬೇಡ ಎಂದು ದಡದಲ್ಲಿ ಕೂತ ಹಾಗೆ ಕಲ್ಲಿನ ಮೇಲೆ ಕೂತೆ. ಯೋಗದಮ್ಮ ಎರಡು ಸುತ್ತು ಹೋದರು. ಅಷ್ಟರಲ್ಲಾಗಲೇ ಅವರಿಗೆ ಚಕ್ರದ ಮೇಲೂ ಟ್ಯಾಕ್ ಬಂದಿತ್ತು. ಎರಡು ಚೆನ್ನಾಗಿ ತಿರುಗಿದರು. ಮೂರನೆಯದರಲ್ಲಿ ಗಾಳಿಯ ಮುಖಕ್ಕೆ ಬಂದು, ರೆಕ್ಕೆ ತಲೆಯ ಮೇಲೆ ಇರುವಾಗ ಏನೋ ಆಯಿತು. ರೆಕ್ಕೆ ಒಂದು ಪಕ್ಕಕ್ಕೆ ಮಡಚಿಕೊಂಡ ಹಾಗಾಗಿ ಅವರು ಬಲ ಭುಜದ ಮೇಲೆ ಬಿದ್ದರು. ಏಳಲಿಲ್ಲ.

ನಾನು ಓಡಿದೆ. ಅವರು ಕಣ್ಣು ಬಿಟ್ಟುಕೊಂಡಿದ್ದರು, ಮುಖ ಬಿಳಿಚಿಕೊಂಡಿತ್ತು, ಎಡಗೈಯಲ್ಲಿ ಬಲಗೈಯನ್ನು ಎತ್ತಿ ಹಿಡಿದಿದ್ದರು. ಕಾವಲುಗಾರ ಮುಖ್ಯರಸ್ತೆಗೆ ಹೋಗಿ ಆಟೋ ಕರೆದುಕೊಂಡು ಬಂದರು. ಮಳೆ ಹನಿ ಶುರುವಾಗಿತ್ತು. ಆಟೋ ರಸ್ತೆಯ ಉಬ್ಬು ದಾಟಿದಾಗಲೆಲ್ಲ, ನನ್ನ ಭುಜಕ್ಕೆ ಒರಗಿದ್ದ ಅವರು ಹಲ್ಲು ಕಚ್ಚುತ್ತಿದ್ದರು. ಆಸ್ಪತ್ರೆಯಲ್ಲಿ ಕಾಲರ್ ಬೋನ್, ಭುಜದ ಮುಂದಿನ ಎಲುಬು, ಮುರಿದಿದೆ ಅಂದರು. ಆಪರೇಷನ್ ಬೇಡ, ಜೋಳಿಗೆ ಕಟ್ಟಿ ಆರು ವಾರ ಅಲುಗಿಸದೆ ಇರಬೇಕು. ಅವರು ನನ್ನ ಕೈ ಒತ್ತಿ ಮನೆಗೆ ಹೋಗಿ ಎಂದರು. ನಾನು ಅತ್ತದ್ದು, ಅವರು ಸಮಾಧಾನ ಮಾಡಿದ್ದು, ಎಲ್ಲ ತಿರುವುಮುರುವು.

ಭಾನುವಾರ ಬೆಳಗ್ಗೆ ಅಂಗಡಿ ತೆರೆದು ರೆಕ್ಕೆಯನ್ನು ಹರಡಿದೆ. ಕಾವಲುಗಾರ ಅದನ್ನು ಮಡಚಿ ಆಟೋದ ಹಿಂದೆ ತುರುಕಿದ್ದರು. ನಾನು ಒಳಕ್ಕೆ ಸರಿಸಿ ಹಾಕಿದ್ದ ಹೊಸ ಹೊಲಿಗೆ ನಾಲ್ಕು ಬೆರಳಿನಷ್ಟು ಬಿಚ್ಚಿಕೊಂಡಿತ್ತು.

ಮೇಜಿಗೆ ಎರಡೂ ಕೈ ಊರಿ ನಿಂತೆ. ಬೀಳುವ ಮುಂಚೆ ಬಿಚ್ಚಿತೋ, ಬಿದ್ದಾಗ ಬಿಚ್ಚಿತೋ? ದಾರದ ತುದಿಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಎಳೆದು ಹರಿದದ್ದಕ್ಕೂ ಉಜ್ಜಿ ಹರಿದದ್ದಕ್ಕೂ ನನಗೆ ವ್ಯತ್ಯಾಸ ತಿಳಿಯುತ್ತದೆ. ಇಲ್ಲಿ ಅರ್ಧ ಹಾಗೆ, ಅರ್ಧ ಹೀಗೆ ಇತ್ತು. ಮಡಚಿಕೊಂಡ ಹಾಗಾಯಿತಲ್ಲ, ಅದು ಹೊಲಿಗೆ ಬಿಚ್ಚಿದ್ದಕ್ಕೇ ಇರಬಹುದು. ಗಾಳಿಯ ಹೊಡೆತಕ್ಕೂ ಇರಬಹುದು. ಮತ್ತೆ ಮತ್ತೆ ನೋಡಿದೆ, ಗ್ಯಾಸಿನ ಗುಂಡಿ ನೋಡುವ ಹಾಗೆ. ನೋಡಿದಷ್ಟೂ ಗೊತ್ತಾಗುವುದು ಕಡಿಮೆಯಾಯಿತು. ಸುಮ್ಮನೆ ಹೊಲಿದು ಇಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು. ಆದರೆ ಬಂದದ್ದು ನಿಜ.

ಸೋಮವಾರ ಗೋಕುಲಂಗೆ ಹೋದೆ. ಯೋಗದಮ್ಮ ಬಾಡಿಗೆ ಮನೆಯ ವರಾಂಡದಲ್ಲಿ ದಿಂಬುಗಳ ನಡುವೆ ಕೂತಿದ್ದರು. ಬಿಸಿನೀರು, ತಿಂಡಿ ಎಲ್ಲವನ್ನೂ ಮನೆ ಯಜಮಾನಿ ನೋಡಿಕೊಳ್ಳುತ್ತಿದ್ದರು. ಟಿಕೆಟ್ ಬದಲಿಸಿದ್ದಾರೆ, ಮುಂದಿನ ವಾರವೇ ಊರಿಗೆ ಎಂದು ಆ ಯಜಮಾನಿ ಹೇಳಿದರು. ನಾನು ನಿಂತೇ, ಉಸಿರು ತೆಗೆದುಕೊಳ್ಳದೆ, ಹೊಲಿಗೆ ಬಿಚ್ಚಿದೆ, ನಾಲ್ಕು ಬೆರಳು, ನನ್ನ ಹೊಲಿಗೆ ಎಂದು ಹೇಳಿದೆ.

 ಛೆ, ನಿಮ್ಮ ತಪ್ಪಲ್ಲ ಎಂದು ಅಂದುಬಿಡುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಯೋಚಿಸಿದರು.

“ಮೊದಲು ಬಿಚ್ಚಿದರೋ, ಆಮೇಲೆ ಬಿಚ್ಚಿದರೋ?”

“ಗೊತ್ತಾಗ್ತಿಲ್ಲ.”

“ನನಗೂ ಗೊತ್ತಿಲ್ಲ. ನಾನು ಕೆಳಗೆ ನೋಡಿದೆ. ಅದು ಮಾತ್ರ ಗೊತ್ತು.”

ಆಮೇಲೆ ಹಲಗೆಯನ್ನೂ ರೆಕ್ಕೆಯನ್ನೂ ನೀವೇ ಇಟ್ಟುಕೊಂಡಿರಿ, ವಿಮಾನದಲ್ಲಿ ಒಂದು ಕೈಯಲ್ಲಿ ಹೊರಲಾರೆ ಎಂದರು. ಅದು ನಂಬಿಕೆಯೋ, ಅನಿವಾರ್ಯವೋ, ನಾನು ಕೇಳಲಿಲ್ಲ.

ಅವರು ಹೋದ ಮೇಲೆ ಒಂದು ವಾರ ಆ ಚೀಲ ನಮ್ಮ ಮನೆಯ ಮಂಚದಡಿ ಇತ್ತು. ಆಷಾಢ ಮುಗಿಯುತ್ತ ಬಂದಿತ್ತು. ಕಡೆಯ ಶುಕ್ರವಾರ ಬೆಟ್ಟಕ್ಕೆ ಹೋಗುವವರ ಬಸ್ಸುಗಳು ತುಂಬಿ ಹೋಗುತ್ತಿದ್ದವು. ನಾನು ಅಂಗಡಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಯಾವ ಕೆಲಸ ಹೊರಗೆ ಕೊಡುವಾಗಲೂ ಹೊಲಿಗೆಯನ್ನು ಎರಡು ಕೈಯಲ್ಲಿ ಎಳೆದು ನೋಡುತ್ತಿದ್ದೆ. ಒಬ್ಬ ಗಿರಾಕಿ, ಬರೀ ಸ್ಕೂಟರಿನ ಹೊದಿಕೆ ಕಣ್ರೀ ಇದು, ಅಂದರು.

ಒಂದು ಸಂಜೆ ಗಂಡ ಚೀಲವನ್ನು ಮಂಚದಡಿಯಿಂದ ಎಳೆದರು. ಕೊಟ್ಟುಬಿಡು ಅನ್ನುತ್ತಾರೆ ಎಂದುಕೊಂಡೆ. ಅವರು ರೆಕ್ಕೆಯನ್ನು ಹಾಲಿನ ನೆಲದ ಮೇಲೆ ಹರಡಿ, ಬಿಚ್ಚಿದ ಕಡೆ ಬೆರಳಾಡಿಸಿ, “ವರ್ಕ್‌ಶಾಪಲ್ಲಿ ಲೋಡ್ ಆಕ್ದೆ ನಾವು ಏನೂ ಆಚೆ ಕಳ್ಸಲ್ಲ. ನೀನು ಲೋಡ್ ಆಕಿ ನೋಡಿದ್ಯಾ?” ಅಂದರು.

ಇಲ್ಲ. ಮೂವತ್ತು ವರ್ಷದಲ್ಲಿ ಕೈಯಲ್ಲಿ ಎಳೆದು ನೋಡಿದ್ದೆನೇ ಹೊರತು ಭಾರ ಹಾಕಿ ನೋಡಿರಲಿಲ್ಲ. ಶಾಮಿಯಾನಕ್ಕೆ ಯಾರು ಹಾಕುತ್ತಾರೆ? ಮಾರನೆಯ ದಿನ, ತೇಪೆಗೆಂದು ತಂದು ಉಳಿದಿದ್ದ ಅದೇ ಥರದ ಬಟ್ಟೆಯ ತುಣುಕುಗಳಲ್ಲಿ ಮೂರು ಥರ ಹೊಲಿದೆ: ನಾನು ಹಾಕಿದ್ದ ಹಾಗೆ ಒಂದು, ಜಿಗ್‌ಜಾಗ್ ಹೊಲಿಗೆಯಲ್ಲಿ ಒಂದು, ಒಳಗೆ ಪಟ್ಟಿ ಕೊಟ್ಟು ಮೂರು ಸಾಲು ಹಾಕಿದ್ದು ಒಂದು. ಅವರು ಬಾಗಿಲ ಚೌಕಟ್ಟಿನ ಕೊಕ್ಕೆಗೆ ಒಂದೊಂದಾಗಿ ನೇತುಹಾಕಿ, ಕೆಳಗೆ ಬಕೆಟ್ ಕಟ್ಟಿ, ಚೊಂಬಿನಲ್ಲಿ ನೀರು ಸುರಿದರು. ನನ್ನ ಹಳೆಯ ಹೊಲಿಗೆ ಮುಕ್ಕಾಲು ಬಕೆಟ್ಟಿಗೆ ಬಿಚ್ಚಿಕೊಂಡು ನೀರೆಲ್ಲ ನಡುಮನೆಗೆ ಹರಿಯಿತು. ಬಟ್ಟೆ ತಂದು ಒರೆಸುತ್ತ ಕೂತೆ. ಬೀಳುವ ಮುಂಚೆಯೇ ಬಿಚ್ಚಿತ್ತು ಎಂಬುದಕ್ಕೆ ಅದು ಸಾಕ್ಷಿಯಲ್ಲ, ಬಿಚ್ಚಿರಲಿಲ್ಲ ಎಂಬುದಕ್ಕೂ ಅಲ್ಲ. ಆದರೆ ದುರ್ಬಲವಾಗಿತ್ತು ಎಂಬುದು ಖಾತ್ರಿಯಾಯಿತು. ಮೂರನೆಯದು ತುಂಬಿದ ಬಕೆಟ್ಟಿನ ಜೊತೆಗೆ ಅವರು ಕೈಯಿಂದ ಜಗ್ಗಿದರೂ ಬಿಡಲಿಲ್ಲ.

ಈ ಸಂಗತಿಯನ್ನು ಯೋಗದಮ್ಮನಿಗೆ ಫೋನಿನಲ್ಲಿ ಧ್ವನಿಸಂದೇಶ ಕಳಿಸಿ ಹೇಳಿದೆ. ಬಕೆಟ್, ನೀರು, ಎಲ್ಲ. ಎರಡು ದಿನ ಉತ್ತರ ಬರಲಿಲ್ಲ.  ಮೂರನೆಯ ದಿನ ಬಂದದ್ದು ಚಿಕ್ಕದು: ಹೇಳಿದ್ದಕ್ಕೆ ಥ್ಯಾಂಕ್ಸ್, ಎಲುಬು ಕೂಡಿಕೊಳ್ಳುತ್ತಿದ್ದಾರೆ, ಮೂರನೆಯ ಹೊಲಿಗೆಯನ್ನೇ ಹಾಕಿ, ಗಾಳಿ ನಿಲ್ಲುವ ಮುಂಚೆ ಹೋಗಿ.

ಹೊಲಿದೆ. ಇಡೀ ರೆಕ್ಕೆಗೆ ಆ ಹೊಲಿಗೆ ಹಾಕಿದೆ, ಬಿಚ್ಚಿದ ಕಡೆ ಮಾತ್ರವಲ್ಲ.

ಭಾನುವಾರ ಗಂಡನೂ ಬಂದರು. ಬಯಲಿಗೆ ಹೋಗುತ್ತಲೇ ಅವರು ಚರಂಡಿಯ ಹತ್ತಿರ ಹೋಗಿ, ಸರಳುಗಳ ಮುಂದೆ ಸಾಲಾಗಿ ಮರಳಿನ ಹಳೆಯ ಚೀಲಗಳನ್ನು ಕಾವಲುಗಾರನ ಜೊತೆ ಎಳೆದು ಇಟ್ಟರು. ಆಮೇಲೆ ಅಲ್ಲೇ, ಚೀಲಗಳ ಮುಂದೆ, ಕೈ ಕಟ್ಟಿ ನಿಂತರು. ನಾನು ಜಾರಿಕೊಂಡು ಬಂದರೆ ತಾನೇ ಹಿಡಿಯುವುದೆಂದು ಲೆಕ್ಕ ಹಾಕಿದ್ದರು ಅನಿಸುತ್ತದೆ. ಅವರನ್ನು ಅಲ್ಲಿ ಕಂಡು ನನ್ನ ಹೆದರಿಕೆ ಇನ್ನಷ್ಟು ಹೆಚ್ಚಿತು. ಈಗ ಅಲ್ಲಿಗೆ ಹೋಗಿ ಬಡಿದರೆ ಇಬ್ಬರಿಗೂ ಪೆಟ್ಟು.

ಮೊದಲ ಐದು ಪ್ರಯತ್ನ ಹಳೆಯ ಹಾಗೇ. ರೆಕ್ಕೆಯ ಎಳೆತ ಹೋದ ಕೂಡಲೇ ಕೈ ಎದೆಗೆ ಸೆಳೆದುಕೊಳ್ಳುವುದು, ಬೀಳುವುದು. ಆರನೆಯದರಲ್ಲಿ ಒಂದು ವಿಷಯ ಬೇರೆಯಾಯಿತು. ಹಿಮ್ಮಡಿಯ ಮೇಲೆ ಭಾರ ಬಿಟ್ಟು, ರೆಕ್ಕೆ ಎತ್ತಿ, ಗಾಳಿ ಮುಖಕ್ಕೆ ಬಂದಾಗ ಯಾಕೋ ನನ್ನ ಕಣ್ಣು ಮೇಲಿನ ಹೊಲಿಗೆಯ ಮೇಲೆ ಹೋಯಿತು. ತುಂಬಿಕೊಂಡಿದೆಯೇ, ಬಿಚ್ಚಿದೆಯೇ ಎಂದು ನೋಡಿದೆ. ಮೂರು ಸಾಲು ದಾರ ಸರಿಯಾಗಿತ್ತು. ಅದನ್ನು ನೋಡುತ್ತಿದ್ದುದರಿಂದ ನೆಲವನ್ನು ನೋಡಲಿಲ್ಲ. ನೆಲ ನೋಡದೆ ಇದ್ದುದರಿಂದ ಕೈ ಎದೆಗೆ ಬರಲಿಲ್ಲ. ಎಳೆತವಿಲ್ಲದ ಆ ಗಳಿಗೆ ಬಂತು, ಚಕ್ರಗಳು ಕೆಳಗೆ ತಮ್ಮ ಪಾಡಿಗೆ ಉರುಳುತ್ತಲೇ ಇದ್ದವು. ಎಡಗೈ ಬಿಟ್ಟು ಬಲಗೈ ಮುಂದೆ ಹಿಡಿದೆ. ಗಾಳಿ ಎಡಗೆನ್ನೆಯಿಂದ ಮೂಗಿಗೆ, ಮೂಗಿನಿಂದ ಬಲಗೆನ್ನೆಗೆ ಬಂತು. ಸೊಂಟ ತಿರುಚಿದೆ. ಅಂಗೈಗೆ ಎಳೆತ ವಾಪಸು ಸಿಕ್ಕಿತು.

ನಾನು ದಕ್ಷಿಣಕ್ಕೆ ಹೋಗುತ್ತಿದ್ದೆ. ಇಳಿಯದೆ, ಹಲಗೆಯನ್ನು ಕೈಯಲ್ಲಿ ತಿರುಗಿಸದೆ. ಚರಂಡಿಯ ಕಡೆಗೆ ಒಂದಡಿಯೂ ಜಾರಿರಲಿಲ್ಲ.

ಆ ತುದಿಯಲ್ಲಿ ಮತ್ತೆ ಟ್ಯಾಕ್ ಮಾಡಲು ಹೋಗಿ ಬಿದ್ದೆ. ಈ ಸಲ ಮುಂದಕ್ಕೆ, ಮೊಣಕಾಲಿನ ಮೇಲೆ. ಗಂಡ ಅಷ್ಟು ದೂರದಿಂದ ಓಡಿ ಬರುವಷ್ಟರಲ್ಲಿ ನಾನು ಎದ್ದು ಕೂತಿದ್ದೆ. ಅವರು ನನ್ನ ಎರಡೂ ಮಣಿಕಟ್ಟುಗಳನ್ನು ಹಿಡಿದು ಒಂದೊಂದೇ ಬೆರಳನ್ನು ಮಡಿಸಿ ಬಿಡಿಸಿ ನೋಡಿದರು. ಸರಿ ಇದ್ದವು. “ಆ ಕಡೆ ತಿರ್ಗಿದ್ದು ನೋಡ್ದೆ” ಅಂದರು. “ಆಗ್ಲೇ ನಾನು ಕಣ್ಮುಚ್ಕೊಂಡ್ಬುಟ್ಟೆ. ಅರ್ಧ ಮಾತ್ರ ನೋಡ್ದೆ.”

ಆ ದಿನ ಇನ್ನೊಂದು ಆಯಿತು, ಒಟ್ಟು ಎರಡು. ಮುಂದಿನ ವಾರ ಹತ್ತಕ್ಕೆ ಮೂರು. ಅಷ್ಟರಲ್ಲಿ ಶ್ರಾವಣ ಬಂದು ಗಾಳಿ ಸಡಿಲವಾಯಿತು. ಕಲಿತೆ ಎಂದು ಹೇಳಿಕೊಳ್ಳುವಷ್ಟು ಕಲಿತಿಲ್ಲ. ಹೆದರಿಕೆ ಕಡಿಮೆಯಾಯಿತೇ ಎಂದು ಯೋಗದಮ್ಮ ಫೋನಿನಲ್ಲಿ ಕೇಳಿದರು. ಇಲ್ಲ ಅಂದೆ. ಹೊರಡುವ ದಿನ ಈಗಲೂ ಬೆಳಗಿನ ಉಪ್ಪಿಟ್ಟು ಇಳಿಯುವುದಿಲ್ಲ.

ಕಳೆದ ವಾರ ಬಯಲಿನ ಪಶ್ಚಿಮಕ್ಕೆ, ಗಾಳಿ ಬರುವ ಕಡೆಯ ಸೈಟಿನಲ್ಲಿ, ಮೊದಲ ಮನೆಗೆ ಪಾಯ ತೋಡಿದ್ದಾರೆ. ಕಾವಲುಗಾರ ಸುಣ್ಣದ ಗೆರೆ ತೋರಿಸಿ, ಮುಂದಿನ ವರ್ಷಕ್ಕೆ ಬೇರೆ ಜಾಗ ನೋಡಿಕೊಳ್ಳಬೇಕಾಗುತ್ತದೆ ಎಂದರು. ಅವರ ಅಣ್ಣನ ಮಗಳ ಊರಿನ ಹತ್ತಿರ ಒಂದು ಕೆರೆಯಿದೆಯಂತೆ, ಬೇಸಿಗೆಯಲ್ಲಿ ಅದರ ಅಂಗಳ ಒಣಗಿ ಗಟ್ಟಿಯಾಗಿರುತ್ತದಂತೆ, ಗಾಳಿ ಚೆನ್ನಾಗಿ ಬೀಸುತ್ತದಂತೆ. ಬರುವ ಭಾನುವಾರ ಗಂಡನೂ ನಾನೂ ಅದನ್ನು ನೋಡಲು ಹೋಗುತ್ತಿದ್ದೇವೆ.